ಒಂದಕ್ಷರದ ಹೆಸರಿನವರು

ಮದ್ದೂರು
24 ಜೂನ್ 2024

ಮಗಳೇ ಶೋಭಿ,

ನಿನ್ನೆ ಭಾನುವಾರ ನಿಮ್ಮ ಹಾಸ್ಟೆಲಿನ ಫೋನಿಗೆ ಮೂರು ಸಲ ಮಾಡಿದೆ. ಮೊದಲೆರಡು ಸಲ ‘ಊಟಕ್ಕೆ ಹೋಗಿದ್ದಾಳೆ’ ಎಂದರು. ಮೂರನೆಯ ಸಲ ಫೋನೆತ್ತಿದ ಹುಡುಗಿ, ‘ಅವಳು ಬರಲ್ವಂತೆ ಅಂಕಲ್’ ಎಂದು ನಿಜವನ್ನೇ ಹೇಳಿಬಿಟ್ಟಳು. ಅದಕ್ಕೇ ಈ ಕಾಗದ. ಫೋನಿಗೆ ಬೆನ್ನು ತಿರುಗಿಸಬಹುದು, ಕಾಗದವನ್ನು ಒಂದಲ್ಲ ಒಂದು ದಿನ ಒಡೆದು ನೋಡುತ್ತೀಯ ಎಂದು ನನ್ನ ನಂಬಿಕೆ.

ಒಂಬತ್ತನೇ ತರಗತಿಗೆ ಹೊಸ ಶಾಲೆ, ಹೊಸ ಜನ. ಕಷ್ಟ ಎಂದು ಗೊತ್ತು. ಬಿಟ್ಟು ಬರುವ ದಿನ ಗೇಟಿನ ಹತ್ತಿರ ನೀನು ನನ್ನ ಅಂಗಿಯ ತೋಳು ಹಿಡಿದುಕೊಂಡದ್ದನ್ನು ನಾನು ಮರೆತಿಲ್ಲ. ಆದರೆ ಪರೀಕ್ಷೆ ಬರೆದು ಸಿಕ್ಕಿದ ಸೀಟು ಅದು. ನಾನೂ ಹಾಸ್ಟೆಲಿನಲ್ಲಿ ಓದಿದವನೇ, ಓದಿದ್ದರಿಂದಲೇ ಪುರಸಭೆಯಲ್ಲಿ ಮೇಜು ಕುರ್ಚಿ ಸಿಕ್ಕಿತು. ಎರಡು ವರ್ಷ. ಅಷ್ಟೇ.

ನಿನ್ನ ಅಮ್ಮ ಅಂಗನವಾಡಿಯಿಂದ ಬಂದವಳೇ ನಿನ್ನ ಕೋಣೆಯ ದೀಪ ಹಾಕುತ್ತಾಳೆ. ಯಾಕೆ ಎಂದರೆ ‘ಸುಮ್ನೆ’ ಅನ್ನುತ್ತಾಳೆ. ಅಜ್ಜಿ ದಿನಾ ನನ್ನನ್ನು ಒಂದೇ ಮಾತು ಕೇಳುತ್ತದೆ: “ಕೂಸ್ನ ಅಲ್ಲಿ ಬುಟ್ಬಂದು ನಿಂಗೆ ನಿದ್ದೆ ಬತ್ತದೇನ್ಲಾ?”

ಉತ್ತರ ಬರೆ. ಬೈದಾದರೂ ಬರೆ.

ನಿನ್ನ ಅಪ್ಪ,
ಕೆಂಪರಾಜು

---

ಮಳವಳ್ಳಿ
9 ಜುಲೈ 2024

ಅಪ್ಪ,

ಬೈಯುವುದಿಲ್ಲ. ಬೈದರೆ ಕರೆದುಕೊಂಡು ಹೋಗುತ್ತೀಯ ಎನ್ನುವ ಹಾಗಿದ್ದರೆ ಬೈಯುತ್ತಿದ್ದೆ.

ಇಲ್ಲಿ ಎಲ್ಲರೂ ಒಳ್ಳೆಯವರೇ. ಅನ್ನ ಬಿಸಿಯಾಗಿರುತ್ತದೆ. ವಾರ್ಡನ್ ಆಂಟಿ ಕೆಟ್ಟವರಲ್ಲ. ಆದರೆ ಒಂದೇ ಹೆಸರಿನವರು ಮೂರು ಜನ ಇದ್ದೇವೆ ಅಂತ ಅವರು ನಂಬರು ಹಿಡಿದು ಕರೆಯುತ್ತಾರೆ. ತಟ್ಟೆಯ ಮೇಲೆ, ಪೆಟ್ಟಿಗೆಯ ಮೇಲೆ, ಬಕೆಟಿನ ಮೇಲೆ ನಾನು ನಲವತ್ತೊಂದು. ಮೊನ್ನೆ ಪಕ್ಕದ ಮಂಚದ ಅರುಂಧತಿ ‘ಶೋಭಿತಾ’ ಅಂದಾಗ ನಾನು ತಿರುಗಲೇ ಇಲ್ಲ. ಅವಳು ‘ಏ ನಲವತ್ತೊಂದು’ ಅಂದಳು, ತಿರುಗಿದೆ. ಆಮೇಲೆ ಇಬ್ಬರಿಗೂ ಏನೋ ಒಂಥರಾ ಆಯಿತು.

ಒಂದು ಒಳ್ಳೆಯ ಸುದ್ದಿ ಇದೆ. ಕನ್ನಡಕ್ಕೆ ಕುಸುಮ ಮಿಸ್ ಬಂದಿದ್ದಾರೆ. ಲೈಬ್ರರಿ ಪೀರಿಯಡ್‌ನಲ್ಲಿ ಅವರು ಡಿಸ್ಟೋಪಿಯ ಕಥೆಗಳ ಬಗ್ಗೆ ಹೇಳಿದರು. ಮುಂದೆ ಯಾವತ್ತೋ ಬರುವ ಒಂದು ಕೆಟ್ಟ ನಾಡಿನ ಕಥೆ. ಅಲ್ಲಿ ಎಲ್ಲವೂ ಅಚ್ಚುಕಟ್ಟಾಗಿರುತ್ತದೆ, ಜನ ಮಾತ್ರ ಸುಖವಾಗಿರುವುದಿಲ್ಲ. ಯಾರೋ ಒಬ್ಬಳು ಹುಡುಗಿ ‘ಯಾಕೆ ಹೀಗೆ?’ ಅಂತ ಕೇಳುತ್ತಾಳೆ, ಕಥೆ ಅಲ್ಲಿಂದ ಹೊರಡುತ್ತದೆ. ಮಿಸ್ ಹೇಳಿದ ಗುಟ್ಟು ಇದು: “ಗಾಳಿಯಲ್ಲಿ ಕಟ್ಟಬೇಡಿ. ಇವತ್ತು ನಿಮಗೆ ಚುಚ್ಚುವ ಒಂದು ಸಣ್ಣ ಸಂಗತಿ ತಗೊಳ್ಳಿ. ಅದನ್ನು ಊರಷ್ಟು ದೊಡ್ಡದು ಮಾಡಿ.”

ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಜಿಲ್ಲೆಯ ಮಕ್ಕಳಿಗೆ ಕಥಾ ಸ್ಪರ್ಧೆ ಇದೆಯಂತೆ. ನಾನು ಬರೆಯುತ್ತೇನೆ. ನನ್ನ ಸಣ್ಣ ಸಂಗತಿ ನನಗೆ ಸಿಕ್ಕಿದೆ.

ಶೋಭಿತಾ
(ನಲವತ್ತೊಂದು)

---

ಮದ್ದೂರು
22 ಜುಲೈ 2024

ಮಗಳೇ,

ನಿನ್ನ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ನಾಲ್ಕು ದಿನ ಕಚೇರಿಗೆ ಹೋದೆ. ಆವರಣದಲ್ಲಿ ನಂಬರು ಹಾಕಿದ್ದೀಯಲ್ಲ, ಅದು ನನ್ನನ್ನು ನೋಯಿಸಲೆಂದೇ ಹಾಕಿದ್ದು ಎಂದು ಗೊತ್ತಾಯಿತು. ನೋವಾಯಿತು. ಸರಿ ತಾನೇ?

ಕಥೆ ಬರೆ. ಕಾಗದ ಪೆನ್ನು ಎಷ್ಟು ಬೇಕಾದರೂ ಕಳಿಸುತ್ತೇನೆ. ಆದರೆ ಒಂದು ಅನುಮಾನ. ಎಲ್ಲವೂ ಅಚ್ಚುಕಟ್ಟಾಗಿದ್ದರೆ ಆ ನಾಡು ಕೆಟ್ಟದ್ದು ಹೇಗಾಗುತ್ತದೆ? ಹತ್ತೊಂಬತ್ತು ವರ್ಷದಿಂದ ಜನನ ಮರಣದ ದಾಖಲೆ ನೋಡುತ್ತಿದ್ದೇನೆ. ಅಚ್ಚುಕಟ್ಟು ಇಲ್ಲದಿದ್ದರೆ ಜನ ಪಡುವ ಪಾಡು ನನಗೆ ಗೊತ್ತು. ಮೊನ್ನೆ ದೊಡ್ಡಸಿದ್ದಯ್ಯ ಎನ್ನುವವರು ಬಂದಿದ್ದರು. ಮಗಳ ಜನನ ಪತ್ರದಲ್ಲಿ ತಂದೆಯ ಹೆಸರು ಬರೀ ‘ಸಿದ್ದಯ್ಯ’ ಎಂದಿದೆ. “ನನ್ನೆಸ್ರು ಪೂರಾ ಬರೀರಿ ಸಾಮಿ, ಮಗೀಗೆ ಕಾಲೇಜಲ್ಲಿ ಸೇರುಸ್ಕತಿಲ್ಲ” ಎಂದರು. ಶಾಲೆಯ ದಾಖಲೆ ತನ್ನಿ ಎಂದೆ. ಅವರು ಶಾಲೆಗೇ ಹೋಗಿಲ್ಲ. ಪಾಪ ಎನ್ನಿಸಿತು. ನಿಯಮ ನಿಯಮವೇ ಅಲ್ಲವೇ, ಹಿಂದಕ್ಕೆ ಕಳಿಸಿದೆ.

ಬರೆದದ್ದನ್ನು ಕಳಿಸು. ನಾನೇ ನಿನ್ನ ಮೊದಲ ಓದುಗ.

ನಿನ್ನ ಅಪ್ಪ

---

ಮಳವಳ್ಳಿ
18 ಆಗಸ್ಟ್ 2024

ಅಪ್ಪ,

ಇದರ ಜೊತೆ ಹದಿನಾಲ್ಕು ಪುಟ ಇಟ್ಟಿದ್ದೇನೆ. ಮೊದಲು ಇದನ್ನು ಓದು, ಆಮೇಲೆ ಅದನ್ನು.

ನಾಡಿನ ಹೆಸರು ಹಿತನಾಡು. ಇಂಥ ಕಥೆಯಲ್ಲಿ ಕೆಟ್ಟದ್ದಕ್ಕೆಲ್ಲ ಒಳ್ಳೆಯ ಹೆಸರು ಇಡಬೇಕು, ಅದು ವ್ಯಂಗ್ಯ. ಹಿತನಾಡಿನಲ್ಲಿ ಅಕ್ಕಿಯ ಹಾಗೆ ಅಕ್ಷರಕ್ಕೂ ಪಡಿತರ. ದೊಡ್ಡವರಿಗೆ ಹತ್ತಕ್ಷರದ ಹೆಸರು, ದುಡಿಯುವವರಿಗೆ ಒಂದೇ ಅಕ್ಷರ. ನನ್ನ ನಾಯಕಿಯ ಹೆಸರು ಮೀ. ಅವಳ ಅಮ್ಮ ಅವಳಿಗೆ ಮೀನಾಕುಮಾರಿ ಅಂತ ಇಟ್ಟಿದ್ದಳು. ಆರು ವರ್ಷ ತುಂಬಿದಾಗ ಕೃಪಾ ಕಚೇರಿಗೆ ಕರೆದುಕೊಂಡು ಹೋಗಿ ಉಳಿದ ಅಕ್ಷರಗಳನ್ನು ಒಪ್ಪಿಸಬೇಕು. ಒಂದೊಂದು ಅಕ್ಷರ ಒಪ್ಪಿಸಿದಾಗಲೂ ಮಗುವಿನ ಕೈಗೆ ಒಂದು ಪೆಪ್ಪರಮೆಂಟು ಕೊಡುತ್ತಾರೆ. ಮಿಸ್ ಈ ಜಾಗ ಓದಿ, “ಹೊಡೆಯುವುದಕ್ಕಿಂತ ಇದು ಭಯ ಹುಟ್ಟಿಸುತ್ತೆ” ಅಂದರು.

ಆ ಕಚೇರಿಯ ಅಧಿಕಾರಿ ಕೂಗಾಡುವವನಲ್ಲ. ಅಂಥವರು ಸಿನಿಮಾದ ಖಳರು ಅಂತ ಮಿಸ್ ಹೇಳುತ್ತಾರೆ. ಇವನು ತುಂಬ ಸೌಮ್ಯ. ಇಲ್ಲ ಅನ್ನುವ ಮುಂಚೆ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಳ್ಳುತ್ತಾನೆ. ಆಮೇಲೆ, “ನಿಯಮ ನಿಯಮವೇ ಅಲ್ಲವೇ ಮಗು” ಅನ್ನುತ್ತಾನೆ.

ಮಕ್ಕಳು ಮಾತ್ರ ಕತ್ತಲಲ್ಲಿ ಒಬ್ಬರನ್ನೊಬ್ಬರು ಪೂರಾ ಹೆಸರಿನಲ್ಲಿ ಪಿಸುಗುಟ್ಟುತ್ತಾರೆ. ಅದು ಮುನ್ಸೂಚನೆ. ಮುಂದೆ ಏನಾಗುತ್ತದೆ ಅಂತ ನನಗೇ ಇನ್ನೂ ಗೊತ್ತಿಲ್ಲ.

ಅಮ್ಮನಿಗೂ ಅಜ್ಜಿಗೂ ಓದಿ ಹೇಳು.

ಶೋಭಿತಾ

---

ಮದ್ದೂರು
5 ಸೆಪ್ಟೆಂಬರ್ 2024

ಮಗಳೇ,

ಓದಿದೆ. ಒಂದೇ ಪಟ್ಟಿಗೆ ಕೂತು. ನಿನ್ನ ವಯಸ್ಸಿನಲ್ಲಿ ನಾನು ಹಸುವಿನ ಬಗ್ಗೆ ಹತ್ತು ವಾಕ್ಯ ಬರೆಯಲು ಒದ್ದಾಡುತ್ತಿದ್ದೆ.

ಕಚೇರಿಯವನಾಗಿ ಎರಡು ತಿದ್ದುಪಡಿ. ಅಕ್ಷರ ಒಪ್ಪಿಸಿಕೊಂಡದ್ದಕ್ಕೆ ಸ್ವೀಕೃತಿ ಕೊಡಬೇಕು. ರಸೀದಿ ಇಲ್ಲದೆ ಯಾವ ಕಚೇರಿಯೂ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಮತ್ತೆ, ಅಂಥ ಅಧಿಕಾರಿಯ ಮೇಲೊಬ್ಬ ಅಧಿಕಾರಿ ಇರುತ್ತಾನೆ, ಅವನಿಗೂ ಭಯ ಇರುತ್ತದೆ. ಅದನ್ನೂ ಬರೆ.

ಆ ಕನ್ನಡಕ ಒರೆಸುವವನು ನಾನೇ ಅಲ್ಲವೇ? ಓದುತ್ತ ಓದುತ್ತ ಆ ಸಾಲು ಬಂದಾಗ ನನ್ನ ಕನ್ನಡಕ ಕೈಯಲ್ಲೇ ಇತ್ತು. ನಿನ್ನ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ನಗು ನಿಂತಿತು.

ಅಜ್ಜಿಗೆ ಓದಿ ಹೇಳಿದೆ. ಮೊದಲು ‘ಉಂ, ಉಂ’ ಅನ್ನುತ್ತಿತ್ತು. ಪೆಪ್ಪರಮೆಂಟು ಕೊಡುವ ಜಾಗಕ್ಕೆ ಬಂದಾಗ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಎದ್ದು ಹಿತ್ತಲಿಗೆ ಹೋಯಿತು. ಎರಡು ದಿನವಾಯಿತು, ಸರಿಯಾಗಿ ಮಾತಿಲ್ಲ. ಮೈ ಹುಷಾರಿಲ್ಲವೇ ಎಂದರೆ, “ನಂಗೇನಾಗದೆ, ಓಗ್ಲಾ” ಅನ್ನುತ್ತದೆ.

ನಿನ್ನ ಅಪ್ಪ

---

ಮಳವಳ್ಳಿ
19 ಸೆಪ್ಟೆಂಬರ್ 2024

ಅಪ್ಪ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ.

ಹೌದು, ಅದು ನೀನೇ. ಗೇಟಿನ ಹತ್ತಿರ ನಾನು ಮನೆಗೆ ಬರುತ್ತೇನೆ ಅಂದಾಗ ನೀನು ಕನ್ನಡಕ ತೆಗೆದು ಒರೆಸಿಕೊಂಡೆ. ಆಗಲೇ ನನಗೆ ಗೊತ್ತಾಯಿತು, ಇನ್ನು ಏನು ಹೇಳಿದರೂ ಆಗುವುದಿಲ್ಲ ಅಂತ. ನಿನ್ನನ್ನು ಕೆಟ್ಟವನು ಮಾಡಬೇಕು ಅಂತ ಬರೆದದ್ದಲ್ಲ. ಕೆಟ್ಟವನನ್ನು ಬರೆಯಲು ಕೂತೆ, ಬರಲಿಲ್ಲ. ನಿನ್ನನ್ನು ನೆನೆಸಿಕೊಂಡೆ, ಬಂದ. ಮಿಸ್ ಹೇಳುತ್ತಾರೆ, ಅವನನ್ನು ಓದಿದರೆ ಭಯವಾಗುವುದೇ ಅವನ ಮೇಲೆ ಪ್ರೀತಿ ಹುಟ್ಟುವುದರಿಂದ ಅಂತೆ.

ಅಜ್ಜಿಗೆ ಏನಾಯಿತು? ನಾನು ಏನಾದರೂ ತಪ್ಪು ಬರೆದೆನಾ? ದಸರಾ ರಜಕ್ಕೆ ಬಂದಾಗ ಕೇಳುತ್ತೇನೆ.

ಶೋಭಿತಾ

---

ಮದ್ದೂರು
27 ಅಕ್ಟೋಬರ್ 2024

ಮಗಳೇ,

ರಜದಲ್ಲಿ ಎರಡು ವಾರ ಒಂದೇ ಮನೆಯಲ್ಲಿದ್ದೆವು. ನೀನು ಕಥೆಯ ಮಾತು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ, ಅಜ್ಜಿಯೂ ಇಲ್ಲ. ಎಲ್ಲರೂ ಸೇರಿ ಟಿ.ವಿ. ನೋಡಿದೆವು. ನೀನು ಬಸ್ಸು ಹತ್ತಿದ ಮಾರನೆಯ ಬೆಳಿಗ್ಗೆ ಅಜ್ಜಿ ತಾನಾಗಿಯೇ ಬಂದು ನನ್ನ ಪಕ್ಕದಲ್ಲಿ ಕೂತಿತು.

“ಆ ಮಗೀಗೆ ಪೆಪ್ಪರಮೆಂಟು ಕೊಟ್ಟಿದ್ನ ಕೂಸ್ಗೆ ಯಾರ್‌ಲಾ ಯೋಳ್ಕೊಟ್ಟೋರು?”

“ಯಾರೂ ಇಲ್ಲ ಕಣವ್ವ, ಅವಳೇ ಕಟ್ಟಿದ್ದು.”

“ನಂಗೆ ಬೆಲ್ಲ ಕೊಟ್ಟಿದ್ರು.”

ನನಗೆ ಅರ್ಥವಾಗಲಿಲ್ಲ. ಆಮೇಲೆ ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆಯುತ್ತೇನೆ.

“ನಮ್ಮವ್ವ ನಂಗೆ ಪುಟ್ಟಮ್ಮಣ್ಣಿ ಅಂತ ಎಸ್ರು ಇಟ್ಟಿದ್ಲು. ಆರೇಳು ವರ್ಸ ಅಂಗೇ ಕರೀತಿದ್ರು. ನಮ್ಮೂರು ಪೂರಿಗಾಲೀಲಿ ಅವ್ವ ದೊಡ್ಡಮನೆ ಕೊಟ್ಟಿಗೆ ಬಾಚೋಕೆ ಓಯ್ತಿದ್ಲು. ಒಂದಿನ ನಾನೂ ಓಗಿದ್ದೆ. ಅವ್ವ, ‘ಪುಟ್ಟಮ್ಮಣ್ಣೀ, ಸಗಣಿ ಮಂಕರಿ ತಕಬಾ’ ಅಂತ ಕೂಗುದ್ಲು. ಜಗುಲಿ ಮ್ಯಾಲೆ ಆ ಮನೆ ಯಜಮಾನ್ತಿ ಕುಂತಿತ್ತು. ‘ಯಾರ್‌ನಮ್ಮಿ ನೀನು ಅಮ್ಮಣ್ಣಿ ಅಂದುದ್ದು? ನಮ್ಮನೆ ಕೂಸೂ ಅಮ್ಮಣ್ಣಿ, ನಿನ್ ಕೂಸೂ ಅಮ್ಮಣ್ಣಿಯಾ? ಕೂಗುದ್ರೆ ಇಬ್ರೂ ಓ ಅನ್ಬೇಕಾ?’ ಅಂತು.”

“ಆ ಯಜಮಾನ್ತಿ ಬೈದ್ರಾ ಅವ್ವ?” ಎಂದೆ.

“ಬೋಯ್ನಿಲ್ಲ ಕಣ್ಲಾ. ನಗ್ತಾ ನಗ್ತಾನೇ ಅಂತು. ‘ಮಾದಪ್ಪನ ಎಸ್ರು ಇಕ್ಕು, ಒಳ್ಳೇದಾಯ್ತದೆ’ ಅಂತ ಒಂದಚ್ಚು ಬೆಲ್ಲ ತಂದು ನನ್ ಕೈಗೆ ಆಕ್ತು. ಅವ್ವ ದಾರಿ ಉದ್ದುಕ್ಕೂ ಮಾತಾಡ್ನಿಲ್ಲ. ನಾನು ಬೆಲ್ಲ ಚೀಪ್ಕಂಡು ಬಂದೆ. ಚೆನ್ನಾಗಿತ್ತು ಕಣ್ಲಾ ಅದು. ಅದೇ ನಂಗೆ ಇವತ್ಗೂ…”

ಅಲ್ಲಿಗೆ ನಿಲ್ಲಿಸಿತು. ಅವತ್ತಿನಿಂದ ಅದು ಪುಟ್ಟಮಾದಮ್ಮ.

ಶೋಭಿ, ಮದ್ದೂರಿನಲ್ಲಿ ಹುಟ್ಟಿದ ಸಾವಿರಾರು ಮಕ್ಕಳ ಹೆಸರು ಬರೆದವನು ನಾನು. ನನ್ನ ಅಮ್ಮನ ಹೆಸರು ನನಗೆ ಐವತ್ತೊಂದನೇ ವಯಸ್ಸಿಗೆ ಗೊತ್ತಾಯಿತು. ನೀನು ಮುಂದಿನ ಕಾಲ ಎಂದು ಬರೆದದ್ದು ನಮ್ಮ ಮನೆಯ ಹಿಂದಿನ ಕಾಲ.

ಮಾರನೆಯ ದಿನ ಕಚೇರಿಯಿಂದ ಹೆಸರು ಬದಲಾವಣೆಯ ಪ್ರಮಾಣಪತ್ರದ ನಮೂನೆ ತಂದೆ. ಸಾಕ್ಷಿ ಬೇಕು, ದಾಖಲೆ ಬೇಕು, ಒಂದೂ ಇಲ್ಲ. ಆದರೂ ತಂದೆ. ಅಜ್ಜಿ ಅದನ್ನು ಮುಟ್ಟಲೇ ಇಲ್ಲ. “ಯಾಕ್ಲಾ? ಪುಟ್ಟಮಾದಮ್ಮ ಅಂತ್ಲೇ ನಾಟಿ ಆಕಿವ್ನಿ, ನಿನ್ನ ಎತ್ತಿವ್ನಿ. ಮಾದಪ್ಪನ ಮ್ಯಾಲೆ ನಂಗೇನ್ ಸಿಟ್ಟು? ಅದೂ ನನ್ನೆಸ್ರೇ, ಇದೂ ನನ್ನೆಸ್ರೇ. ಕಾಗ್ದುಕ್ಕೆ ಯಾಕೆ ಗೊತ್ತಾಗ್ಬೇಕು?”

ಆ ವಾರ ದೊಡ್ಡಸಿದ್ದಯ್ಯನವರ ಊರಿಗೆ ಹೇಳಿಕಳಿಸಿದೆ. ಶಾಲೆಯ ದಾಖಲೆ ಇಲ್ಲದಿದ್ದರೆ ಬೇರೆ ದಾರಿ ಇತ್ತು, ನೋಟರಿ, ಇಬ್ಬರು ಸಾಕ್ಷಿ. ಅವತ್ತು ಹೇಳುವ ಗೋಜಿಗೆ ನಾನು ಹೋಗಿರಲಿಲ್ಲ, ಅಷ್ಟೇ. ಅರ್ಜಿ ನಾನೇ ಬರೆದುಕೊಟ್ಟೆ.

ಇದನ್ನೆಲ್ಲ ನಿನಗೆ ಬರೆಯಲೇ ಎಂದು ಅಜ್ಜಿಯನ್ನು ಕೇಳಿದೆ. ಒಂದು ದಿನ ಬೇಡ ಎಂದಿತು, ಎದುರಿಗೆ ಇದ್ದಾಗಲೇ ಹೇಳಲಿಲ್ಲ, ಮಗು ಹೆದರಿಕೊಳ್ಳುತ್ತದೆ ಎಂದು. ಇವತ್ತು ಬರಿ ಎಂದಿತು.

ನಿನ್ನ ಅಪ್ಪ

---

ಮಳವಳ್ಳಿ
4 ನವೆಂಬರ್ 2024

ಅಪ್ಪ,

ಓದಿ ಅರುಂಧತಿಗೂ ಕೊಟ್ಟೆ. ಇಬ್ಬರೂ ನೀರಿನ ಟ್ಯಾಂಕಿನ ಹಿಂದೆ ಕೂತು ಅತ್ತೆವು. ನಾನು ಬಹಳ ಜಾಣೆ ಅಂದುಕೊಂಡಿದ್ದೆ. ಎಲ್ಲ ನಾನೇ ಹುಟ್ಟಿಸಿದೆ ಅಂದುಕೊಂಡಿದ್ದೆ.

ಈಗ ಕಥೆ ಮುಗಿಯುತ್ತಿಲ್ಲ. ನಾನು ಮೊದಲು ಯೋಚಿಸಿದ್ದು, ಮೀ ಕೃಪಾ ಕಚೇರಿಗೆ ಬೆಂಕಿ ಇಟ್ಟು ಗೋಡೆ ದಾಟಿ ಓಡುತ್ತಾಳೆ ಅಂತ. ಇಂಥ ಕಥೆಗಳಲ್ಲಿ ಗೋಡೆ ಇದ್ದೇ ಇರುತ್ತದೆ, ಅದು ಸಂಕೇತ. ನಮ್ಮ ವಯಸ್ಸಿನವರಿಗೆ ಬರೆಯುವಾಗ ಕೊನೆಗೆ ಒಂದು ಕಿಂಡಿಯಾದರೂ ತೆರೆದಿರಬೇಕು ಅಂತ ಮಿಸ್ ಹೇಳುತ್ತಾರೆ. ಆದರೆ ಅಜ್ಜಿ ಯಾವ ಗೋಡೆ ದಾಟಿತು? ಎಲ್ಲಿಗೆ ಓಡಿತು? ಅಜ್ಜಿಯ ವಿಷಯ ಗೊತ್ತಾದ ಮೇಲೆ ಬೆಂಕಿ ಇಡುವುದು ಸುಳ್ಳು ಅನ್ನಿಸುತ್ತಿದೆ. ಹೀಗೇ ಬಿಟ್ಟರೆ ಬರೀ ದುಃಖ.

ಅಜ್ಜಿಯನ್ನು ಕೇಳು: ಅದರ ಸಂಗತಿಯನ್ನು ನಾನು ಕಥೆಗೆ ತೆಗೆದುಕೊಳ್ಳಬಹುದಾ? ಮತ್ತೆ, ಆಮೇಲೆ ನೀವೆಲ್ಲ ಏನು ಮಾಡಿದಿರಿ ಅಂತ ಕೇಳು.

ಶೋಭಿ

---

ಮದ್ದೂರು
10 ನವೆಂಬರ್ 2024

(ಶೋಭಿ, ಅಜ್ಜಿ ಹೇಳಿದ ಹಾಗೇ ಬರೆಯುತ್ತಿದ್ದೇನೆ, ಒಂದಕ್ಷರ ತಿದ್ದಿಲ್ಲ. – ಅಮ್ಮ)

ಕೂಸೇ,

ಬರ್ಕೊ. ನಂದೇನು ಕಳ್ಳತನದ್ದಾ ಮುಚ್ಚಿಡಕೆ. ಆದ್ರೆ ಓದ್ದೋರೆಲ್ಲ ಅಳೋ ಅಂಗೆ ಮಾಡ್ಬ್ಯಾಡ. ನಾವು ನಗ್ತಾನೂ ಇದ್ದೋ.

ಆಮೇಲೆ ಏನು ಮಾಡುದ್ರಿ ಅಂತೀಯ. ನಾಟಿ ಆಕೋವಾಗ ಸಾಲಲ್ಲಿ ಬಗ್ಗಿರ್ತಿದ್ದೊ. ದೊಡ್ಡಮನೆಯೋರು ಬದೀನ್ ಮ್ಯಾಲೆ ನಿಂತಿದ್ರೆ ಪುಟ್ಟಮಾದಿ. ಅವ್ರು ಅತ್ಲಾಗೋದ್ರೆ ನನ್ ಗೆಣಕಾತಿ ಬೆಳ್ಳಮ್ಮ, “ಅಮ್ಮಣ್ಣೀ, ಪೈರು ಎಸಿಯಮ್ಮಿ” ಅನ್ನೋಳು. ಸಾಲೆಲ್ಲ ಕಿಸಕ್ ಅನ್ನದು. ಬೆಳ್ಳಮ್ಮಂಗೂ ಒಂದು ದೊಡ್ಡೆಸ್ರು ಇಟ್ಟಿದ್ದೊ, ಮಾರಾಣಿ ಎಸ್ರು. ಸಾಲಲ್ಲಿದ್ದ ಎಲ್ಲಾರ್ಗೂ ಒಂದೊಂದು. ಸಾಯೋಗಂಟ ಬೆಳ್ಳಮ್ಮ ನನ್ನ ಅಮ್ಮಣ್ಣಿ ಅಂತ್ಲೇ ಕರುದ್ಲು. ನಿಮ್ಮಪ್ಪಂಗೆ ಇದೊಂದೂ ಗೊತ್ತಿಲ್ಲ. ಗಂಡುಸ್ರು ನಮ್ ಸಾಲಿಗೆ ಎಲ್ಲಿ ಬತ್ತಿದ್ರು?

ಚೆನ್ನಾಗಿ ಉಣ್ಣು. ತಲೆಗೆ ಎಣ್ಣೆ ಇಕ್ಕು.

ನಿನ್ನಜ್ಜಿ
(ಯಾವೆಸ್ರಾದ್ರೂ ಆಕೊ)

---

ಮಳವಳ್ಳಿ
4 ಡಿಸೆಂಬರ್ 2024

ಅಪ್ಪ,

ಭಾನುವಾರ ಮಂಡ್ಯದ ಸ್ಪರ್ಧೆಗೆ ನೀವು ಮೂವರೂ ಬಂದಿದ್ದಿರಿ, ಎಲ್ಲ ನೋಡಿದ್ದೀರಿ. ಆದರೂ ಬರೆಯುತ್ತೇನೆ. ವೇದಿಕೆಯ ಮೇಲಿಂದ ಅದು ಹೇಗೆ ಕಂಡಿತು ಅಂತ ನಿಮಗೆ ಗೊತ್ತಿಲ್ಲ.

ಕಥೆ ಓದಲು ಶುರು ಮಾಡಿದೆ. ಕೊನೆಯ ಪುಟ ಬರುವವರೆಗೂ ತಲೆ ಎತ್ತಲಿಲ್ಲ. ಮೀ ಓಡಿಹೋಗುವುದಿಲ್ಲ, ಗದ್ದೆಯ ಸಾಲಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಪೂರಾ ಹೆಸರಿನಲ್ಲಿ ಕರೆಯುತ್ತಾರೆ, ಬದುವಿನ ಮೇಲೆ ಹೋಗುವ ಅಧಿಕಾರಿ ಅದನ್ನು ಹಾಡು ಅಂದುಕೊಂಡು ನಿಂತು ಕೇಳುತ್ತಾನೆ ಅನ್ನುವ ಜಾಗ ಓದುವಾಗ ನಿನ್ನನ್ನು ನೋಡಿದೆ. ನೀನು ಕೆಳಗೆ ನೋಡುತ್ತಿದ್ದೆ.

ತೀರ್ಪುಗಾರರು, “ಭಾಷೆ ಸೊಗಸಾಗಿದೆ. ಆದರೆ ಮಗುವಿನ ಹೆಸರನ್ನೇ ಕಿತ್ತುಕೊಂಡು ಸಿಹಿ ಕೊಡುವುದು ಅಂದರೆ ಕಲ್ಪನೆ ಸ್ವಲ್ಪ ಅತಿಯಾಯಿತು, ಎಲ್ಲೂ ನಡೆಯುವಂಥದ್ದಲ್ಲ” ಅಂದರು. ಆಗ ಮೂರನೇ ಸಾಲಿನಲ್ಲಿ ಅಜ್ಜಿ ಎದ್ದು ನಿಂತಿತು. ಅಮ್ಮ ಸೆರಗು ಹಿಡಿದು ಜಗ್ಗುತ್ತಿದ್ದುದು ನನಗೆ ಕಾಣುತ್ತಿತ್ತು.

“ಸಾಮಿ, ಅತಿ ಆಗ್ನಿಲ್ಲ. ಕಮ್ಮಿ ಆಯ್ತು. ನಾನು ಯೋಳುದ್ರಲ್ಲಿ ಅರ್ಧನೂ ಬರ್ದಿಲ್ಲ ಕೂಸು.”

ಎಲ್ಲರೂ ನಕ್ಕರು. ತೀರ್ಪುಗಾರರೂ ನಕ್ಕು, ಮೈಕಿನಲ್ಲೇ, “ನಿಮ್ಮ ಹೆಸರೇನಮ್ಮ?” ಅಂದರು.

ಅಜ್ಜಿ, “ಯಾವ್ದು ಯೋಳ್ಲಿ?” ಅಂತು.

ತೀರ್ಪುಗಾರರು ಮೈಕನ್ನು ಮೇಜಿನ ಮೇಲಿಟ್ಟುಬಿಟ್ಟರು. ಆಮೇಲೆ ಕಾರ್ಯಕ್ರಮ ಮುಗಿದ ಮೇಲೆ ಅವರೇ ಬಂದು ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ಕೂತು ಅಷ್ಟು ಹೊತ್ತು ಮಾತಾಡಿದರು. ಬಹುಮಾನ ಬರಲಿಲ್ಲ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಕುಸುಮ ಮಿಸ್ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡೇ ಬಂದರು.

ಇನ್ನು ಬಸ್ ಸ್ಟ್ಯಾಂಡಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ. “ಮನೆಗೆ ಬರ್ತೀಯಾ ಮಗಳೇ? ನೀನು ಹೂಂ ಅಂದ್ರೆ ನಾನು ಟಿ.ಸಿ. ತಗೋತೀನಿ” ಅಂದೆ. ಅಷ್ಟು ಜನರ ಮಧ್ಯೆ ಏನೂ ಹೇಳಲು ಆಗಲಿಲ್ಲ, ಬರೆಯುತ್ತೇನೆ ಅಂದೆ. ಮೂರು ದಿನ ಯೋಚಿಸಿದೆ. ನೀನು ಕೇಳಿದ್ದೇ ಸಾಕು, ನಾನು ಧೈರ್ಯವಾಗಿ ಇಲ್ಲೇ ಇರುತ್ತೇನೆ ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ. ಕಥೆಯಲ್ಲಾದರೆ ಹಾಗೇ ಬರೆಯುತ್ತಿದ್ದೆ.

ಅಪ್ಪ, ನನಗೆ ಮನೆ ಬೇಕು. ಇಲ್ಲಿ ಯಾರೂ ಕೆಟ್ಟವರಲ್ಲ. ಅರುಂಧತಿಯನ್ನು ಬಿಟ್ಟು ಬರುವುದು ಕಷ್ಟ, ಅವಳು ಈಗಲೇ ಮಾತು ಬಿಟ್ಟಿದ್ದಾಳೆ. ಆದರೂ ಅಜ್ಜಿಗೆ ಎಪ್ಪತ್ತೆರಡು ಆಯಿತು. ಅದರ ಹತ್ತಿರ ಇನ್ನೂ ಅರ್ಧ ಇದೆಯಂತೆ. ಅದನ್ನು ಕೇಳಬೇಕು. ವಾರ್ಷಿಕ ಪರೀಕ್ಷೆ ಮುಗಿಸಿ ಬರುತ್ತೇನೆ, ಹತ್ತನೇ ತರಗತಿಯನ್ನು ಮದ್ದೂರಿನಲ್ಲೇ ಓದುತ್ತೇನೆ. ಚೆನ್ನಾಗಿ ಓದುತ್ತೇನೆ.

ಹೂಂ.

ನಿನ್ನ ಶೋಭಿ

---

ಮದ್ದೂರು
9 ಡಿಸೆಂಬರ್ 2024

ಶೋಭಿ,

ನಿನ್ನ ಕಾಗದ ಕಚೇರಿಯ ವಿಳಾಸಕ್ಕೇ ಬಂತು. ಕೌಂಟರಿನ ಮುಂದೆ ಎಂಟು ಜನ ನಿಂತಿದ್ದರು. ಅವರ ಕೆಲಸ ಮುಗಿಸಿ ಒಡೆದು ಓದಿದೆ. ಆಮೇಲೆ ಏನು ಮಾಡಿದರೂ ಕೈ ಓಡಲಿಲ್ಲ. ಒಂದು ಮಗುವಿನ ಹುಟ್ಟಿದ ತಾರೀಕಿನ ಜಾಗದಲ್ಲಿ ನಿನ್ನ ಹುಟ್ಟಿದ ತಾರೀಕು ಬರೆದುಬಿಟ್ಟಿದ್ದೆ, ಪಕ್ಕದವರು ನೋಡಿ ಹೇಳಿದರು. ಅರ್ಧ ದಿನ ರಜ ಬರೆದುಕೊಟ್ಟು ಮನೆಗೆ ಬಂದೆ.

ಅಜ್ಜಿ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿತ್ತು. “ಏನ್ಲಾ ಇಷ್ಟೊತ್ಗೆ? ಮೈ ಉಸಾರಿಲ್ವಾ?” ಅಂತು.

“ಶೋಭಿ ಬತ್ತಾವಳೆ ಕಣವ್ವ. ಇನ್ನು ಇಲ್ಲೇ ಇರ್ತಾಳೆ.”

ಮಡಿಲಲ್ಲಿದ್ದ ಕಾಯಿಯೆಲ್ಲ ಕೆಳಗೆ ಸುರಿದುಕೊಂಡು ಎದ್ದಿತು. “ಎಲ್ಲವಳೆ? ಬಸ್ಸಿಂದ ಇಳುದ್ಲಾ? ಯಾವಾಗ ಬಂದ್ಲು?”

“ಇಲ್ಲ, ಏಪ್ರಿಲ್‌ನಲ್ಲಿ.”

ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿತು.

“ಅದುಕ್ಕೆ ಇವತ್ತೇ ರಜ ಆಕ್ಬುಟ್ಟು ಬಂದ್ಯೇನ್ಲಾ?”

ಹೂಂ ಎಂದೆ.

ನಿನ್ನ ಅಪ್ಪ